ಮೊದಲು ದ್ರಾಕ್ಷಿ, ಆಮೇಲೆ ಅಂಗಡಿ: ಹಾಪ್‌ಕಾಮ್ಸ್ ಹುಟ್ಟಿದ ಕಥೆ

ಬೆಂಗಳೂರಿಗೆ ಹೋಗಿಬಂದವರು ಹಾಪ್‌ಕಾಮ್ಸ್ ಅಂಗಡಿಯನ್ನು ನೋಡಿಯೇ ಇರುತ್ತೀರಿ. ರಸ್ತೆ ಬದಿಯಲ್ಲಿ ಒಂದು ಸಣ್ಣ ಮಳಿಗೆ, ಎದುರಿಗೆ ದರದ ಬೋರ್ಡು, ಒಳಗೆ ತರಕಾರಿ ಕ್ರೇಟುಗಳು. ಇಂಥ ಒಂದು ಅಂಗಡಿ ಇಡುವುದು ದೊಡ್ಡ ಮಾತಲ್ಲ. ಊರ ತುಂಬ ಇರುವ ಅಷ್ಟೂ ಅಂಗಡಿಗಳಿಗೆ ದಿನಾ ಬೆಳಗ್ಗೆ ಬಾಡದ ಸೊಪ್ಪು, ಕೊಳೆಯದ ಟೊಮೆಟೊ ಮುಟ್ಟಿಸುವುದು ದೊಡ್ಡ ಮಾತು. ಆ ಕೆಲಸ ಶುರುವಾದದ್ದು ಹೇಗೆ ಎಂದು ಹುಡುಕುತ್ತಾ ಹೋದ ನಮಗೆ ಸಿಕ್ಕಿದ್ದು ದ್ರಾಕ್ಷಿ.

ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಕಪ್ಪು ದ್ರಾಕ್ಷಿಗೆ ಬೆಂಗಳೂರು ಬ್ಲೂ ಎಂದು ಹೆಸರು. ದ್ರಾಕ್ಷಿಯದು ಒಂದು ಗುಣ. ಬಾಳೆ, ಮಾವಿನಂತೆ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಬಳ್ಳಿಯಲ್ಲೇ ಹಣ್ಣಾಗಬೇಕು, ಕೊಯ್ದ ಕೂಡಲೇ ಮಾರಬೇಕು. ಈ ಅವಸರ ದಲ್ಲಾಳಿಗೂ ಗೊತ್ತು. ಗೊಂಚಲು ಮಂಡಿಯಲ್ಲಿ ಇಳಿದ ಮೇಲೆ ರೈತನ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಡಾ. ಎಂ.ಎಚ್. ಮರೀಗೌಡರು ಇದನ್ನು ಹತ್ತಿರದಿಂದ ಕಂಡವರು. ಅಮೆರಿಕದ ಹಾರ್ವರ್ಡ್‌ನಲ್ಲಿ ಓದಿ ಬಂದಿದ್ದರೂ ಅವರ ಗಮನವೆಲ್ಲ ಇಲ್ಲಿನ ತೋಟಗಳ ಮೇಲೆ. ಅವರ ಮುತುವರ್ಜಿಯಲ್ಲಿ 1959ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಶುರುವಾಯಿತು. 1965ರಲ್ಲಿ ಬೇರೆ ಹಣ್ಣು, ತರಕಾರಿಗಳೂ ಸೇರಿದವು. 1987ರಲ್ಲಿ ಸಂಘದ ಹೆಸರು ಬದಲಾಯಿತು, ವ್ಯಾಪ್ತಿ ಸುತ್ತಲ ಜಿಲ್ಲೆಗಳಿಗೂ ಹರಡಿತು. ಇಸವಿಗಳ ಕಥೆ ಇಷ್ಟೇ.

ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇಂಡೆಂಟ್. ನಾಳೆಗೆ ಬೀನ್ಸ್ ಎಷ್ಟು ಕೆ.ಜಿ., ಕೋಸು ಎಷ್ಟು ಬೇಕು ಎಂದು ಪ್ರತಿ ಅಂಗಡಿಯವರೂ ಇಂದೇ ಬರೆದು ಕೊಡುವ ಲೆಕ್ಕ ಅದು. ಎಲ್ಲ ಅಂಗಡಿಗಳ ಲೆಕ್ಕ ಕೂಡಿದರೆ ಅದೇ ನಾಳೆ ರೈತರಿಂದ ಕೊಳ್ಳಬೇಕಾದ ಮಾಲು. ರೈತರು ತಂದದ್ದನ್ನು ತೂಗಿ, ಆರಿಸಿ, ಅಂಗಡಿವಾರು ಹಂಚಿ ಗಾಡಿಗೆ ಹೇರಬೇಕು. ಮಾರುಕಟ್ಟೆ ನೋಡಿ ಆ ದಿನದ ದರವನ್ನೂ ಕಟ್ಟಬೇಕು. ಕೇಳಲು ಸಲೀಸು. ಆದರೆ ಅಂಗಡಿಯವರಿಗೆ ಉಳಿಕೆ ಮಾಲಿನ ಭಯ. ಮಳೆ ಬರುವ ಹಾಗಿದೆ, ಗಿರಾಕಿ ಕಡಿಮೆ ಎಂದುಕೊಂಡು ಹತ್ತು ಕೆ.ಜಿ. ಬದಲು ಐದು ಬರೆಯುತ್ತಾರೆ. ನೂರು ಅಂಗಡಿಯವರು ಹಾಗೆ ಬರೆದರೆ ಅರ್ಧ ಟನ್ ಬೀನ್ಸ್ ತೋಟದಲ್ಲೇ ಉಳಿಯಿತು. ಗಿಡಕ್ಕೆ ಇಂಡೆಂಟ್ ಓದಲು ಬರುವುದಿಲ್ಲವಲ್ಲ!

ನಮ್ಮಲ್ಲಿ ಒಬ್ಬರ ಅಪ್ಪ ಒಮ್ಮೆ ಮಂಡಿಗೆ ಟೊಮೆಟೊ ಒಯ್ದು, ಕೈಗೆ ಸಿಗುವ ದುಡ್ಡು ವಾಪಸ್ ಬರುವ ಗಾಡಿ ಬಾಡಿಗೆಗೂ ಸಾಲದೆಂದು ಕ್ರೇಟುಗಳನ್ನು ರಸ್ತೆ ಬದಿಗೆ ಸುರಿದು ಬಂದಿದ್ದರು. ಇಂಡೆಂಟ್ ಎಷ್ಟೇ ಸಣ್ಣದಿರಲಿ, ನಾಳೆ ಇಷ್ಟು ಹೋಗುತ್ತದೆ ಎಂದು ಮೊದಲೇ ತಿಳಿಯುವುದಕ್ಕೆ ಎಷ್ಟು ಬೆಲೆಯಿದೆ ಎಂಬುದು ಅಂಥ ಮನೆಯವರಿಗೆ ಗೊತ್ತು.

2003ರಲ್ಲಿ ಮೆಟ್ರೋ ಕ್ಯಾಷ್ ಅಂಡ್ ಕ್ಯಾರಿ ದೇಶದಲ್ಲೇ ಮೊದಲು ಬೆಂಗಳೂರಿನಲ್ಲಿ ಸಗಟು ಮಳಿಗೆ ತೆರೆಯಿತು. 2006ರಲ್ಲಿ ಹೈದರಾಬಾದಿನಲ್ಲಿ ರಿಲಯನ್ಸ್ ಫ್ರೆಶ್ ಶುರುವಾಯಿತು. ಆಮೇಲೆ ಹಳ್ಳಿಗಳ ಕಡೆ ಖಾಸಗಿ ಕಂಪನಿಗಳ ಖರೀದಿ ಕೇಂದ್ರಗಳು ಬಂದವು. ಅಲ್ಲಿಯೂ ಇಂಡೆಂಟೇ, ಈಗ ಫೋನಿನಲ್ಲಿ. ಒಳ್ಳೆ ಗಾತ್ರ, ಒಳ್ಳೆ ಬಣ್ಣದ್ದನ್ನು ಆರಿಸಿಕೊಳ್ಳುತ್ತಾರೆ, ಉಳಿದದ್ದು ಮತ್ತೆ ಮಂಡಿಗೇ. ತೂಕ ಸರಿ, ದುಡ್ಡು ಬೇಗ ಎನ್ನುವ ರೈತರೂ ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇವರು ಅಂಗಡಿ ತೆರೆದು ಅದಕ್ಕೆ ಬೆಳೆ ಹುಡುಕಿದವರು. ಮರೀಗೌಡರ ಕಾಲದ ಸಂಘ ಬೆಳೆ ಇಟ್ಟುಕೊಂಡು ಅದಕ್ಕೆ ಅಂಗಡಿ ಹುಡುಕಿತ್ತು. ಮಾಲು ಹೆಚ್ಚಾದ ದಿನ ಈ ವ್ಯತ್ಯಾಸ ಕಾಣುತ್ತದೆ. ಒಬ್ಬರು ಕೊಳ್ಳುವುದನ್ನು ನಿಲ್ಲಿಸಬಹುದು. ಇನ್ನೊಬ್ಬರು ಹೇಗಾದರೂ ಮಾರಲೇಬೇಕು, ಏಕೆಂದರೆ ಸಂಘದ ಸದಸ್ಯರೇ ಬೆಳೆದವರು.

ಹಾಪ್‌ಕಾಮ್ಸ್ ದ್ರಾಕ್ಷಿ ಮೇಳ ಮಾಡುವುದು ಇದಕ್ಕೇ. ಫೆಬ್ರವರಿ ಸುಮಾರಿಗೆ, ಹಣ್ಣು ಒಟ್ಟಿಗೇ ಬಂದು ಬೀಳುವ ಹೊತ್ತಿಗೆ, ದರ ಇಳಿಸಿ ಮಾರುತ್ತಾರೆ. ಪಕ್ಕದಲ್ಲಿ ಕಲ್ಲಂಗಡಿಯ ರಾಶಿಯೂ ಇರುತ್ತದೆ.