ಉಗುರಿನ ಮೇಲಿನ ಅಂಕಿತ

ಇತಿಹಾಸದ ಮಾತು ಅಂದ ತಕ್ಷಣ ರಾಜರು, ಯುದ್ಧ, ಇಸವಿ ಅಂತ ಎದ್ದು ಹೋಗಬೇಡಿ. ಇಸವಿಗಳು ಸ್ವಲ್ಪ ಬರುತ್ತವೆ, ಅದನ್ನು ತಪ್ಪಿಸಲಾರೆ. ಆದರೆ ಇವತ್ತಿನ ವಿಷಯ ನಿಮ್ಮ ಕೈಯ ತುದಿಯಲ್ಲೇ ಇದೆ. ಉಗುರು, ಅದರ ಮೇಲಿನ ಬಣ್ಣ, ಆ ಬಣ್ಣ ಹಚ್ಚಿದವರ ಹೆಸರು. ಶುರು ಮಾಡುವ ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ.

ಕಳೆದ ದೀಪಾವಳಿ ಕಾರ್ಯಕ್ರಮಕ್ಕೆ ಪೋಸ್ಟರ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಿಮ್ಮ ವಯಸ್ಸಿನ ಒಬ್ಬ ಹುಡುಗಿ ನೇಲ್ ಆರ್ಟ್ ಮಾಡುತ್ತಾಳೆ. ಹತ್ತು ಉಗುರುಗಳ ಮೇಲೆ ಹತ್ತು ಹಣತೆ, ಅವುಗಳ ಸುತ್ತ ಸಾಸಿವೆ ಕಾಳಿಗಿಂತ ಸಣ್ಣ ರಂಗೋಲಿ ಚುಕ್ಕಿ. ಫೋಟೋ ಕೇಳಿದೆ, ಖುಷಿಯಿಂದ ಕಳಿಸಿದಳು. ಮೂಲೆಯಲ್ಲಿ ಅವಳ ಇನ್‌ಸ್ಟಾಗ್ರಾಮ್ ಹೆಸರಿತ್ತು. ಪೋಸ್ಟರಿನ ಅಳತೆಗೆ ಫೋಟೋ ಹೊಂದಲಿಲ್ಲ, ಆ ಮೂಲೆಯನ್ನು ಕತ್ತರಿಸಿದೆ. ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ಅದು ಓಡಾಡಿತು. ಎರಡು ದಿನವಾದ ಮೇಲೆ ಅವಳ ಸಂದೇಶ: "ಆಂಟಿ, ಪೋಸ್ಟರ್ ತುಂಬಾ ಚೆನ್ನಾಗಿದೆ. ಆದ್ರೆ ನನ್ನ ಹೆಸರು ಎಲ್ಲಿ ಹೋಯ್ತು?"

"ಅಯ್ಯೋ, ನಮ್ಮ ಮನೆ ಹುಡುಗೀನೇ ಅಲ್ವಾ ನೀನು, ಹೆಸರು ಯಾಕೆ" ಎಂದು ಬರೆಯಲು ಹೊರಟಿದ್ದೆ. ಕೈ ತಡೆಯಿತು. ಕನ್ನಡ ಎಂ.ಎ. ಓದುವಾಗ ಎರಡು ವರ್ಷ ಶಾಸನಗಳಲ್ಲಿ ಹೆಸರು ಹುಡುಕಿದವಳು ನಾನು. ಕಲ್ಲಿನಲ್ಲಿ ಅರ್ಧ ಅಳಿಸಿಹೋದ ಹೆಸರಿಗಾಗಿ ಪುಟಗಟ್ಟಲೆ ಓದಿದವಳು, ಕಣ್ಣೆದುರಿನ ಹೆಸರನ್ನು ಒಂದು ಬೆರಳಿನಲ್ಲಿ ಕತ್ತರಿಸಿ ಹಾಕಿದ್ದೆ.

ಹಾಸನದ ಕಡೆ ನಮ್ಮ ಮನೆಯಲ್ಲಿ ಬಣ್ಣ ಅಂದರೆ ಗೋರಂಟಿ. ಮಂಗಳೂರಿನ ಕಡೆಯವರು ಇದನ್ನೇ ಮದರಂಗಿ ಅನ್ನುತ್ತಾರೆ. ನಿಮಗೆ ಮೆಹೆಂದಿ ಅಂದರೆ ಬೇಗ ಗೊತ್ತಾಗುತ್ತದೆ. ಆಷಾಢದಲ್ಲಿ ಹಿತ್ತಲಿನ ಗಿಡದಿಂದ ಎಲೆ ಬಿಡಿಸಿ, ಒಂದು ಚೂರು ಹುಣಸೆಹಣ್ಣು ಸೇರಿಸಿ ಅಜ್ಜಿ ಒರಳಿನಲ್ಲಿ ನುಣ್ಣಗೆ ರುಬ್ಬುತ್ತಿದ್ದರು. ಕೋನ್ ಇಲ್ಲ, ಬಳ್ಳಿ ನವಿಲುಗಳಿಲ್ಲ. ಅಂಗೈ ನಡುವೆ ದುಂಡಗೆ ಒಂದು ಬೊಟ್ಟು, ಸುತ್ತ ಸಣ್ಣ ಬೊಟ್ಟುಗಳು, ಬೆರಳ ತುದಿಗೆ ಉಗುರು ಮುಚ್ಚುವ ಹಾಗೆ ಟೋಪಿ. ರಾತ್ರಿ ಅಮ್ಮನೇ ತುತ್ತು ಮಾಡಿ ಬಾಯಿಗಿಡಬೇಕು. ಬೆಳಗ್ಗೆ ಎದ್ದರೆ ದಿಂಬೂ ಕೆಂಪು.

ಗಮನಿಸಿದ್ದೀರಾ, ಅಂಗೈ ಬಣ್ಣ ಎರಡು ಮೂರು ವಾರದಲ್ಲಿ ಹೋಗುತ್ತದೆ, ಉಗುರಿನದು ಹೋಗುವುದಿಲ್ಲ. ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಚರ್ಮ, ಉಗುರುಗಳ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಚರ್ಮ ಬೇಗ ಉದುರಿ ಹೊಸದಾಗುತ್ತದೆ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ, ಪೂರ್ತಿ ಬದಲಾಗಲು ಆರು ತಿಂಗಳು ಬೇಕು. ಆಷಾಢದ ಗೋರಂಟಿ ಸಂಕ್ರಾಂತಿಯ ಹೊತ್ತಿಗೆ ಉಗುರಿನ ತುದಿಯಲ್ಲಿ ಕೆಂಪು ಗೀರಾಗಿ ಉಳಿದಿರುತ್ತಿತ್ತು. ನಮ್ಮ ಬೀದಿಯಲ್ಲಿ ಮದುವೆ ಹೆಣ್ಣಿಗೆ ಗೋರಂಟಿ ಹಚ್ಚುವುದರಲ್ಲಿ ಕೈಗುಣ ಇದ್ದ ಒಬ್ಬರಿದ್ದರು. ಎಲ್ಲರೂ ಅವರನ್ನು "ಮೂಲೆಮನೆ ಅಕ್ಕ" ಎನ್ನುತ್ತಿದ್ದರು. ಅವರ ಹೆಸರೇನು ಎಂದು ಮೊನ್ನೆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮ್ಮನಿಗೂ ನೆನಪಿಲ್ಲ.

ಅದೇ ಜಿಲ್ಲೆಯಲ್ಲಿ ಬೇಲೂರಿದೆ. ರಜೆಗೆ ಊರಿಗೆ ಹೋದಾಗ ಅಪ್ಪ ಅಮ್ಮ ನಿಮ್ಮನ್ನೂ ಅಲ್ಲಿಗೆ ಎಳೆದುಕೊಂಡು ಹೋಗಿರುತ್ತಾರೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ. ಸೂರಿನ ಕೆಳಗೆ ಮದನಿಕೆಯರು, ಕನ್ನಡಿ ಹಿಡಿದ ಸುಂದರಿ. ಅವಳ ಜೊತೆ ನೀವು ಸೆಲ್ಫಿ ತೆಗೆದುಕೊಂಡಿದ್ದೀರಿ. ಆದರೆ ಕೆಲವು ಶಿಲ್ಪಗಳ ಬಳಿ ಕೆತ್ತಿರುವ ಸಣ್ಣ ಅಕ್ಷರಗಳನ್ನು ನೋಡಿದ್ದೀರಾ? ಅವು ಮಾಡಿದವರ ಸಹಿಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಊರು, ತಂದೆಯ ಹೆಸರು, ಜೊತೆಗೆ ತಾನು ಎಂಥ ಗಟ್ಟಿಗ ಎಂದು ಹೇಳುವ ಬಿರುದುಗಳು. ನಿಮ್ಮ ಪ್ರೊಫೈಲಿನಲ್ಲಿ ನೀವು ಬರೆದುಕೊಳ್ಳುವುದೂ ಹೆಚ್ಚುಕಡಿಮೆ ಇದನ್ನೇ.

ನೂರು ವರ್ಷದ ಮೇಲೆ ಬಂದ ಮಲ್ಲಿತಮ್ಮ ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ತನ್ನ ಹೆಸರು ಬಿಟ್ಟುಹೋಗಿದ್ದಾನೆ. ಹಾಗೆ ಸಹಿ ಹಾಕಿದ್ದರಿಂದಲೇ ಒಂದು ಊರಿನ ಶಿಲ್ಪವನ್ನೂ ಇನ್ನೊಂದು ಊರಿನ ಶಿಲ್ಪವನ್ನೂ ಪಕ್ಕದಲ್ಲಿಟ್ಟು ಇದು ಅವನ ಕೈ ಎಂದು ಇವತ್ತು ಹೇಳಬಹುದು. ಇಂಥವರನ್ನು ಹಳೆಯ ಕನ್ನಡದಲ್ಲಿ ರೂವಾರಿ ಎನ್ನುತ್ತಿದ್ದರು, ರೂಪ ಕೊಡುವವನು ಎಂಬ ಅರ್ಥದಲ್ಲಿ. ಈಗ ಪತ್ರಿಕೆಯವರು "ಈ ಯೋಜನೆಯ ರೂವಾರಿ" ಎಂದು ಮಂತ್ರಿಗಳಿಗೆ ಆ ಪದ ಕೊಟ್ಟಿದ್ದಾರೆ. ನನಗೆ ಅದೊಂದು ಹೊಟ್ಟೆಕಿಚ್ಚು.

ತಮಾಷೆ ಏನೆಂದರೆ ಜನಕ್ಕೆ ಗೊತ್ತಿರುವುದು ಜಕಣಾಚಾರಿಯ ಹೆಸರು. ಅದು ಐತಿಹ್ಯ. 1964ರಲ್ಲಿ ಬಂದ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ನಿಮ್ಮ ತಾತ ಅಜ್ಜಿಯರು ನೋಡಿರುತ್ತಾರೆ. ಕಲ್ಲಿನ ಮೇಲೆ ಹೆಸರು ಬರೆದುಕೊಂಡ ದಾಸೋಜನನ್ನು ಗೈಡ್‌ಗಳು ಕೂಡ ಒಮ್ಮೊಮ್ಮೆ ಬಿಟ್ಟುಬಿಡುತ್ತಾರೆ. ಸಹಿ ಹಾಕಿದರಷ್ಟೇ ಸಾಲದು, ಅದನ್ನು ಓದಿ ಹೇಳುವವರೂ ಬೇಕು.

ಅದೇ 12ನೆಯ ಶತಮಾನದಲ್ಲಿ ವಚನಕಾರರೂ ಸಹಿ ಹಾಕಿದರು. ಅದಕ್ಕೆ ಅಂಕಿತ ಎಂದು ಹೆಸರು. ಬಹುಪಾಲು ಶರಣರ ಅಂಕಿತ ಅವರ ಇಷ್ಟದೈವದ ಹೆಸರು. ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ, ಅದೂ ಕಸುಬಿನ ಸಮೇತ, ಅಂಕಿತವಾಗಿ ಇಟ್ಟುಕೊಂಡ. ದೋಣಿ ನಡೆಸುವವನು ತನ್ನ ಕೆಲಸವನ್ನು ಮುಚ್ಚಿಡದೆ ಹೆಸರಿನ ಮುಂದೆ ಹಾಕಿಕೊಂಡದ್ದು ನನಗೆ ಇವತ್ತಿಗೂ ಆಶ್ಚರ್ಯ. ಆದರೆ ಹೆಂಗಸರ ಅಂಕಿತ ನೋಡಿ. ಹಡಪದ ಅಪ್ಪಣ್ಣನ ಹೆಂಡತಿ ಲಿಂಗಮ್ಮನ ಅಂಕಿತ "ಅಪ್ಪಣ್ಣಪ್ರಿಯ ಚೆನ್ನಬಸವಣ್ಣ". ಆಯ್ದಕ್ಕಿ ಲಕ್ಕಮ್ಮನದು "ಮಾರಯ್ಯಪ್ರಿಯ ಅಮರೇಶ್ವರಲಿಂಗ". ಗಂಡನ ಹೆಸರಿದೆ, ಗುರುವಿನ ಹೆಸರಿದೆ, ದೇವರ ಹೆಸರಿದೆ. ಎಷ್ಟು ಗಟ್ಟಿಯಾದ ಮಾತುಗಳನ್ನು ಆಡಿದ ಹೆಂಗಸರು ಅವರು!

ಇನ್ನು ಅಮೆರಿಕಕ್ಕೆ ಬರೋಣ, ನಿಮ್ಮ ಬಾಟಲಿಯ ಬಣ್ಣ ಹುಟ್ಟಿದ್ದು ಇಲ್ಲಿ. 1917ರ ಹೊತ್ತಿಗೆ ಕ್ಯೂಟೆಕ್ಸ್ ಕಂಪನಿ ಉಗುರಿನ ದ್ರವ ಪಾಲಿಶ್ ಮಾರುತ್ತಿತ್ತು. 1932ರಲ್ಲಿ ಚಾರ್ಲ್ಸ್ ರೆವ್ಸನ್, ಅಣ್ಣ ಜೋಸೆಫ್ ಮತ್ತು ರಸಾಯನದ ಕೆಲಸ ಬಲ್ಲ ಚಾರ್ಲ್ಸ್ ಲಾಕ್‌ಮನ್ ಸೇರಿ ದಟ್ಟ ಬಣ್ಣದ ಪಾಲಿಶ್ ತಂದರು. ರೆವ್ಸನ್ ಹೆಸರಿನ ನಡುವೆ ಲಾಕ್‌ಮನ್‌ನ 'ಲ' ಸೇರಿ ರೆವ್‌ಲಾನ್ ಆಯಿತು. ಪಾಲುದಾರ ತನ್ನ ಒಂದಕ್ಷರವನ್ನಾದರೂ ಹೆಸರಿನಲ್ಲಿ ಉಳಿಸಿಕೊಂಡ! ಇವರು ಮೊದಲು ಮಾರಿದ್ದು ಬ್ಯೂಟಿ ಪಾರ್ಲರುಗಳಿಗೆ. ಅಲ್ಲಿ ಕೂತು ಬಣ್ಣ ಹಚ್ಚಿದ ಹೆಂಗಸರ ಹೆಸರು ಬಾಟಲಿಯ ಮೇಲೆ ಬರಲಿಲ್ಲ. ಭಾರತದಲ್ಲಿ 1952ರಲ್ಲಿ ಟಾಟಾದವರು ಲ್ಯಾಕ್ಮೆ ಶುರು ಮಾಡಿದರು, ಫ್ರೆಂಚ್ ಆಪೆರಾದ ಹೆಸರು. ಬಿಡಿಸಿ ನೋಡಿದರೆ ನಮ್ಮ ಲಕ್ಷ್ಮಿಯೇ.

ಆಮೇಲೆ 1975. ಸೈಗಾನ್ ಬಿದ್ದು ವಿಯೆಟ್ನಾಮಿನ ನಿರಾಶ್ರಿತರು ಬಂದ ವರ್ಷ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿಯ ಹೋಪ್ ವಿಲೇಜ್ ಎಂಬ ಶಿಬಿರಕ್ಕೆ ನಟಿ ಟಿಪ್ಪಿ ಹೆಡ್ರೆನ್ ಸಹಾಯಕ್ಕೆ ಹೋಗುತ್ತಿದ್ದರು. ಅಲ್ಲಿದ್ದ ಹೆಂಗಸರಿಗೆ ಯಾವ ಕಸುಬು ಕಲಿಸುವುದು ಎಂದು ಯೋಚಿಸುತ್ತಿರುವಾಗ, ಅವರೆಲ್ಲ ಈಕೆಯ ಉಗುರುಗಳನ್ನೇ ನೋಡುತ್ತಿದ್ದರಂತೆ. ಹೆಡ್ರೆನ್ ತಮ್ಮ ಉಗುರಿನ ಕೆಲಸ ಮಾಡುತ್ತಿದ್ದ ಡಸ್ಟಿ ಕೂಟ್ಸ್ ಅವರನ್ನೇ ಕರೆತಂದು 20 ಹೆಂಗಸರಿಗೆ ಪಾಠ ಮಾಡಿಸಿದರು. ಅವರು ಪರವಾನಗಿ ಪಡೆದು ಕೆಲಸ ಹಿಡಿದರು, ತಂಗಿಯರಿಗೆ, ನಾದಿನಿಯರಿಗೆ ಕಲಿಸಿದರು. ಇವತ್ತು ಅಮೆರಿಕದ ನೇಲ್ ಸಲೂನ್‌ಗಳಲ್ಲಿ ದುಡಿಯುವವರಲ್ಲಿ ವಿಯೆಟ್ನಾಮಿ ಮೂಲದವರ ಪಾಲು ಬಹಳ ದೊಡ್ಡದು.

ನಮ್ಮ ವಾಷಿಂಗ್ಟನ್ ರಾಜ್ಯದ ಪಾತ್ರವೂ ಇದೆ. ಅದೇ ವರ್ಷ ಕ್ಯಾಲಿಫೋರ್ನಿಯಾದ ಗವರ್ನರ್ ಹಿಂಜರಿದಾಗ, ಇಲ್ಲಿನ ಗವರ್ನರ್ ಡ್ಯಾನ್ ಇವಾನ್ಸ್ ತಮ್ಮ ಸಹಾಯಕ ರಾಲ್ಫ್ ಮನ್ರೋ ಅವರನ್ನು ಕ್ಯಾಂಪ್ ಪೆಂಡಲ್ಟನ್‌ಗೆ ಕಳಿಸಿ, ನಮ್ಮಲ್ಲಿಗೆ ಬನ್ನಿ ಎಂದು ಕರೆಸಿದರು. ಮೊದಲು ಬಂದವರು ಟಕೋಮಾ ಹತ್ತಿರದ ಕ್ಯಾಂಪ್ ಮರ್ರಿಯಲ್ಲಿ ಇಳಿದರು. ಮುಂದಿನ ಸಲ ಐ-5ರಲ್ಲಿ ಆ ಕಡೆ ಹೋಗುವಾಗ ನೆನಪಿಸಿಕೊಳ್ಳಿ.

ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ನನ್ನ ಉಗುರು ತಿದ್ದಿದಾಕೆಯ ಎದೆಯ ಮೇಲೆ "ಲೀಸಾ" ಎಂಬ ಬಿಲ್ಲೆ ಇತ್ತು. ಎಷ್ಟೋ ಸಲ ಹೋದ ಮೇಲೆ ಒಂದು ದಿನ ನಿಜವಾದ ಹೆಸರು ಕೇಳಿದೆ. ಹೇಳಿದರು, ನಾನು ಎರಡು ಸಲ ತಪ್ಪಾಗಿ ಉಚ್ಚರಿಸಿದೆ. ನಕ್ಕು, "ಲೀಸಾ ಸಾಕು" ಎಂದರು. ನನ್ನ ಹೆಸರನ್ನು ಇಲ್ಲಿನವರು ಏನು ಮಾಡುತ್ತಾರೆ ಎಂದು ಗೊತ್ತಿದ್ದೂ ನಾನು ಮೂರನೇ ಸಲ ಪ್ರಯತ್ನಿಸಲಿಲ್ಲ.

ಉಗುರನ್ನು ಇಡೀ ಜಗತ್ತು ನೋಡುವ ಹಾಗೆ ಮಾಡಿದವರಲ್ಲಿ ಕಪ್ಪು ಹೆಣ್ಣುಮಕ್ಕಳು ಮುಂಚೂಣಿಯಲ್ಲಿದ್ದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಉದ್ದುದ್ದ ಉಗುರುಗಳಿಗೆ ಕೆಂಪು, ಬಿಳಿ, ನೀಲಿ, ಚಿನ್ನದ ಬಣ್ಣ ಹಚ್ಚಿಕೊಂಡು ಓಡಿ ಮೂರು ಚಿನ್ನ ಗೆದ್ದರು. ಆ ವರ್ಷದ ಜುಲೈನಲ್ಲಿ 100 ಮೀಟರನ್ನು 10.49 ಸೆಕೆಂಡಿನಲ್ಲಿ ಓಡಿದ ಅದೇ ಕೈಗಳು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಬಿಡುವಿನಲ್ಲಿ ಬೇರೆಯವರ ಕೂದಲು, ಉಗುರು ಅಲಂಕರಿಸುತ್ತಿದ್ದವರು ಅವರು. ಮುಂದೆ ಬರ್ನಡೆಟ್ ಥಾಂಪ್ಸನ್ ಗಾಯಕಿ ಲಿಲ್ ಕಿಮ್‌ಗೆ ಡಾಲರ್ ನೋಟಿನ ಚೂರುಗಳಿಂದ ಉಗುರು ಸಿಂಗರಿಸಿದರು. 2017ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಪ್ರದರ್ಶನಕ್ಕೆ ಆ ಕೆಲಸ ಹೋಯಿತು, ಮಾಡಿದವರ ಹೆಸರಿನ ಸಮೇತ.

2010ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಮ್ ಬಂದಾಗ ಉಗುರಿನ ಕೆಲಸಕ್ಕೆ ಅದು ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಚೌಕದ ಫೋಟೋ, ಅದರಲ್ಲಿ ಒಂದು ಕೈ ಸರಿಯಾಗಿ ಹಿಡಿಸುತ್ತದೆ. ಎರಡು ಮೂರು ವಾರಕ್ಕೆ ಕೆರೆದು ತೆಗೆಯುವ ಚಿತ್ರ ಫೋಟೋದಲ್ಲಿ ಉಳಿಯಿತು, ಅದರ ಕೆಳಗೆ ಹೆಸರು ಬಂತು. ಮೆಹೆಂದಿಯವರದೂ ಇದೇ ಕಥೆ. 2018ರಲ್ಲಿ ನಮ್ಮ ಬೆಂಗಳೂರಿನ ದೀಪಿಕಾ ಪಡುಕೋಣೆ ಮದುವೆಯಾದಾಗ ಅವರ ಕೈ ನೋಡಿದ ಜನ ಹಚ್ಚಿದವರು ಯಾರು ಎಂದೂ ಕೇಳಿದರು. ಮುಂಬೈನ ವೀಣಾ ನಾಗ್ದಾ ಎಂಬ ಹೆಸರು ಮನೆಮನೆಗೆ ಗೊತ್ತಾಯಿತು. ನಮ್ಮ ಮೂಲೆಮನೆ ಅಕ್ಕನಿಗೆ ಈ ಭಾಗ್ಯ ಇರಲಿಲ್ಲ.

ಆ ಹುಡುಗಿಯನ್ನು ಮನೆಗೆ ಕರೆದು ಕಾಫಿ ಕೊಟ್ಟು ಕ್ಷಮೆ ಕೇಳಿದೆ. ಹೇಗೆ ಬೆಳೆಸಿದೆಯಮ್ಮ ಇದನ್ನು ಎಂದೆ. ಅವಳು ಹೇಳಿದ್ದರಲ್ಲಿ ನನಗೆ ನೆನಪಿರುವುದನ್ನು ಹೇಳುತ್ತೇನೆ. ಸಿಯಾಟಲ್‌ನಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆದ್ದರಿಂದ ಚಳಿಗಾಲದಲ್ಲಿ ಬೆಳಗ್ಗೆಯೇ ಕೆಲಸ, ಕಿಟಕಿಯ ಪಕ್ಕದಲ್ಲಿ ಫೋಟೋ. ಪ್ರತಿ ಸಲ ಅದೇ ಹಿನ್ನೆಲೆ, ಅದೇ ಕೋನ. ಊರಿನ ಹೆಸರು ತಪ್ಪದೆ ಹಾಕಬೇಕು: ಬ್ರೆಜಿಲ್‌ನವರು ಸಾವಿರ ಜನ ಮೆಚ್ಚಿದರೂ ಅವರು ಉಗುರು ಹಾಕಿಸಿಕೊಳ್ಳಲು ಬಾಥೆಲ್‌ಗೆ ಬರುವುದಿಲ್ಲ, ರೆಡ್ಮಂಡಿನ ಇಪ್ಪತ್ತು ಜನ ಬರುತ್ತಾರೆ. ಇನ್ನೊಬ್ಬರ ವಿನ್ಯಾಸ ನೋಡಿ ಮಾಡಿದರೆ ಅವರ ಹೆಸರು ಬರೆಯುವುದು. ಕೈ ಯಾರದೋ ಅವರನ್ನು ಕೇಳದೆ ಫೋಟೋ ಹಾಕದಿರುವುದು. ಮೊದಲು ಎಲ್ಲರ ಹಾಗೆ ಹೂವು, ಹೊಳಪು ಹಾಕುತ್ತಿದ್ದಳಂತೆ. ಅಜ್ಜಿಯ ಇಳಕಲ್ ಸೀರೆಯ ಅಂಚನ್ನು ಉಗುರಿಗೆ ಇಳಿಸಿದ ದಿನದಿಂದ ಜನ ನಿಂತು ನೋಡತೊಡಗಿದರು.

"ಮನೇಲಿ ಏನಂತಾರೆ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಪ್ಪ ಹಾಬಿ ಅಂತಾರೆ ಆಂಟಿ. ಯಾರಾದ್ರೂ ಕೇಳಿದ್ರೆ ಡಿಸೈನ್ ಓದ್ತಿದಾಳೆ ಅಂತಾರೆ." ಅವಳು ಓದುತ್ತಿರುವುದು ಮ್ಯಾನಿಕ್ಯೂರಿಸ್ಟ್ ಪರವಾನಗಿಗೆ. ನಮ್ಮ ರಾಜ್ಯದಲ್ಲಿ ಅದಕ್ಕೆ 600 ಗಂಟೆ ತರಬೇತಿ ಬೇಕು, ಪರೀಕ್ಷೆ ಇದೆ. ಸೋಂಕು ಹರಡದಂತೆ ಉಪಕರಣ ಶುಚಿ ಮಾಡುವುದು, ಉಗುರಿನ ಕಾಯಿಲೆ ಗುರುತಿಸುವುದು, ಎಲ್ಲವನ್ನೂ ಕಲಿಯಬೇಕು. ಅಂಬಿಗರ ಚೌಡಯ್ಯನ ಬಗ್ಗೆ ಭಾಷಣ ಮಾಡಿದರೆ ಚಪ್ಪಾಳೆ ಹೊಡೆಯುವ ನಾವು, ಮಗಳು ತನ್ನ ಕಸುಬನ್ನು ಹೆಸರಿನ ಮುಂದೆ ಹಾಕಿಕೊಂಡರೆ ನಾಚುತ್ತೇವೆ. ಇದನ್ನು ಕೇಳುತ್ತಿರುವ ಅಪ್ಪ ಅಮ್ಮಂದಿರಿದ್ದರೆ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಪೋಸ್ಟರನ್ನು ಅವತ್ತೇ ತಿದ್ದಿ ಮತ್ತೆ ಕಳಿಸಿದೆ, ಹೆಸರನ್ನು ಮೂಲೆಯಲ್ಲಲ್ಲ, ಹಣತೆಗಳ ಕೆಳಗೇ ಹಾಕಿ. ಹಳೆಯದು ಇನ್ನೂ ಕೆಲವು ಗುಂಪುಗಳಲ್ಲಿ ಓಡಾಡುತ್ತಿದೆ. ನಿಮ್ಮ ಅಮ್ಮನ ಫೋನಿನಲ್ಲಿ ಹೆಸರಿಲ್ಲದ್ದು ಇದ್ದರೆ ದಯವಿಟ್ಟು ಅಳಿಸಿ, ಹೊಸದನ್ನು ಇಟ್ಟುಕೊಳ್ಳಿ.