ಲಸಿಕೆ ಪಡೆದ ಬಳಿಕ ಕಣ್ಣು ಕೆಂಪಾದರೆ? ವಾರಾಣಸಿ ಅಧ್ಯಯನ ಎಬ್ಬಿಸಿದ ಪ್ರಶ್ನೆ, ತಿಳಿದಿರಬೇಕಾದ ಸಂಗತಿ

ವಾರಾಣಸಿ: ಕೋವ್ಯಾಕ್ಸಿನ್ ಪಡೆದವರ ಕುರಿತು ಇಲ್ಲಿನ ಬನಾರಸ್ ಹಿಂದೂ ವಿಶ್ವವಿದ್ಯಾಲಯದ (ಬಿಎಚ್‌ಯು) ವೈದ್ಯರು ನಡೆಸಿದ ಅಧ್ಯಯನ 2024ರ ಮೇ ತಿಂಗಳಲ್ಲಿ ದೇಶದೆಲ್ಲೆಡೆ ಚರ್ಚೆಯಾಗಿತ್ತು. ಲಸಿಕೆ ಪಡೆದು ಒಂದು ವರ್ಷವಾದ 635 ಹದಿಹರೆಯದವರು ಹಾಗೂ 291 ವಯಸ್ಕರನ್ನು ದೂರವಾಣಿ ಮೂಲಕ ಮಾತನಾಡಿಸಿದ್ದ ತಂಡ, ಶೇ 2.7ರಷ್ಟು ಮಂದಿಯಲ್ಲಿ ಕಣ್ಣಿನ ತೊಂದರೆ ಕಂಡುಬಂದಿದೆ ಎಂದಿತ್ತು.

ಆದರೆ ಆ ತೊಂದರೆಗೆ ಲಸಿಕೆಯೇ ಕಾರಣವೇ? ಅದನ್ನು ಹೇಳಲು ಈ ಅಧ್ಯಯನದಿಂದ ಸಾಧ್ಯವಿರಲಿಲ್ಲ. ಲಸಿಕೆ ಪಡೆಯದವರ ಗುಂಪಿನೊಂದಿಗೆ ಹೋಲಿಕೆಯನ್ನೇ ಮಾಡಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆಕ್ಷೇಪಿಸಿತು. 'ಡ್ರಗ್ ಸೇಫ್ಟಿ' ಪತ್ರಿಕೆ ಅದೇ ವರ್ಷ ಲೇಖನವನ್ನು ಹಿಂಪಡೆಯಿತು. ಲಸಿಕೆ ಪಡೆಯದವರಿಗೂ ಕಣ್ಣು ನೋವು ಬರುತ್ತದಲ್ಲ!

ಹಾಗೆಂದು ವಿಷಯವನ್ನೇ ತಳ್ಳಿಹಾಕುವಂತಿಲ್ಲ. ಲಸಿಕೆಯ ನಂತರ ಕಣ್ಣಿನ ಮಧ್ಯಪದರ ಊದಿಕೊಳ್ಳುವ 'ಯೂವೈಟಿಸ್' ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಕೋವಿಡ್‌ಗಿಂತ ಮೊದಲೇ ಹೆಪಟೈಟಿಸ್ ಬಿ, ಇನ್‌ಫ್ಲುಯೆಂಜಾ, ಎಚ್‌ಪಿವಿ ಲಸಿಕೆಗಳ ನಂತರವೂ ಇಂಥವು ವರದಿಯಾಗಿದ್ದವು. ಇವು ತೀರಾ ಅಪರೂಪ. ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವು ದಿನ ಅಥವಾ ವಾರಗಳೊಳಗೆ ಕಾಣಿಸಿಕೊಂಡಿವೆ. ಲಸಿಕೆಯಿಂದ ಎಚ್ಚೆತ್ತ ರೋಗನಿರೋಧಕ ವ್ಯವಸ್ಥೆ ಕಣ್ಣಿನ ಅಂಗಾಂಶದ ಮೇಲೂ ತಿರುಗಿ ಬೀಳುತ್ತದೆ ಎಂಬುದು ತಜ್ಞರ ಊಹೆ.

ಇದನ್ನು 'ಮದ್ರಾಸ್ ಐ' ಎಂದು ತಪ್ಪಾಗಿ ತಿಳಿಯುವುದೇ ಹೆಚ್ಚು. ಮದ್ರಾಸ್ ಐನಲ್ಲಿ ಪಿಸುರು ಬಂದು ರೆಪ್ಪೆ ಅಂಟಿಕೊಳ್ಳುತ್ತದೆ. ಯೂವೈಟಿಸ್‌ನಲ್ಲಿ ಪಿಸುರು ಇರುವುದಿಲ್ಲ. ಬದಲಿಗೆ ಕಣ್ಣಿನಾಳದಲ್ಲಿ ನೋವು, ಬೆಳಕು ನೋಡಲಾಗದಿರುವುದು, ಮಂಜಾದ ದೃಷ್ಟಿ, ಕಣ್ಣ ಮುಂದೆ ಕಪ್ಪು ಚುಕ್ಕೆ ತೇಲಿದಂತಾಗುವುದು ಕಾಣಿಸುತ್ತದೆ. ಕೆಲವರಿಗೆ ನೋವೇ ಇರದೆ ದೃಷ್ಟಿ ಮಾತ್ರ ಮಸುಕಾಗಬಹುದು.

ಹೀಗಾದರೆ ಮೆಡಿಕಲ್ ಶಾಪ್‌ನಿಂದ ಸ್ಟೆರಾಯ್ಡ್ ಡ್ರಾಪ್ಸ್ ತಂದು ಹಾಕಿಕೊಳ್ಳಬಾರದು. ಹರ್ಪಿಸ್‌ನಂಥ ಸೋಂಕಿದ್ದರೆ ಅದು ಉಲ್ಬಣಿಸುತ್ತದೆ, ದೀರ್ಘಕಾಲ ಬಳಸಿದರೆ ಗ್ಲಾಕೋಮಾ ಬರಬಹುದು. ನೇತ್ರತಜ್ಞರು ಸ್ಲಿಟ್ ಲ್ಯಾಂಪ್‌ನಲ್ಲಿ ಪರೀಕ್ಷಿಸಿ, ಕ್ಷಯ, ಸಂಧಿವಾತದಂಥ ಬೇರೆ ಕಾರಣಗಳಿವೆಯೇ ಎಂದು ನೋಡುತ್ತಾರೆ. ಅವರು ಬರೆದುಕೊಟ್ಟ ಸ್ಟೆರಾಯ್ಡ್ ಹನಿಗಳಿಂದಲೇ ಲಸಿಕೆ ನಂತರದ ಹೆಚ್ಚಿನ ಪ್ರಕರಣಗಳು ಗುಣವಾಗಿವೆ. ತಡಮಾಡಿದರೆ ದೃಷ್ಟಿಗೇ ಕುತ್ತು.

ಹಿಂದೆ ಯೂವೈಟಿಸ್ ಬಂದಿದ್ದವರು ಲಸಿಕೆಗೆ ಮುನ್ನ ವೈದ್ಯರಿಗೆ ತಿಳಿಸುವುದು ಒಳ್ಳೆಯದು. ಲಸಿಕೆ ಬಳಿಕ ತೊಂದರೆ ಕಂಡರೆ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ, ಲಸಿಕೆ ಪಡೆದ ದಿನಾಂಕ ಸಹಿತ ಮಾಹಿತಿ ನೀಡಬಹುದು.