ಇಲ್ಲಿ ಏನು ಬೆಳೆ ಹಾಕಿದ್ರು?

ನಮ್ಮ ಮನೆಯಲ್ಲಿ ದಸರಾ ಬೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲೆಲ್ಲ ಅಮ್ಮನದು, ಕೆಳಗಿನ ಪಾರ್ಕು ನನ್ನದು. ಹಬ್ಬಕ್ಕೆ ನಾಲ್ಕೈದು ದಿನ ಮುಂಚೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ, ಬೊಂಬೆ ಕೂರಿಸುವ ಹೊತ್ತಿಗೆ ಹಸಿರು ಪೈರು ರೆಡಿ. ಒಡೆದ ಕನ್ನಡಿ ಚೂರು ಕೆರೆ, ಬಣ್ಣ ಕಲಸಿದ ಮರದ ಹೊಟ್ಟು ರಸ್ತೆ. ಆ ಹುಚ್ಚು ನನಗೆ ಇನ್ನೂ ಬಿಟ್ಟಿಲ್ಲ. ಈಗ ಅದಕ್ಕೆ ಡಯೋರಾಮಾ ಅಂತ ದೊಡ್ಡ ಹೆಸರು ಬಂದಿದೆ, ಖರ್ಚೂ ಅಷ್ಟೇ ದೊಡ್ಡದಾಗಿದೆ, ಅಷ್ಟೇ :)

ಕೆಲವು ವರ್ಷಗಳ ಹಿಂದೆ ಒಂದು ಡಯೋರಾಮಾ ಮಾಡಿದ್ದೆ. 1799ರ ಏಪ್ರಿಲ್, ಶ್ರೀರಂಗಪಟ್ಟಣದ ಕೋಟೆಯ ಹೊರಗಿನ ಸುಲ್ತಾನ್‌ಪೇಟೆ ತೋಪು. 1:72 ಅಳತೆಯ ಸಿಪಾಯಿಗಳು, ಅಂದರೆ ಒಬ್ಬೊಬ್ಬನೂ ಒಂದಿಂಚಿಗಿಂತ ಗಿಡ್ಡ. ಅವರ ಗುಂಡಿ, ಬೆಲ್ಟು, ಪೇಟ ಎಲ್ಲದಕ್ಕೂ ಬಣ್ಣ ಬಳಿಯಲು ಎರಡು ತಿಂಗಳು ಹಿಡಿಯಿತು. ನೆಲಕ್ಕೆ? ಒಂದು ಭಾನುವಾರ ಮಧ್ಯಾಹ್ನ. ಥರ್ಮೋಕೋಲ್ ಮೇಲೆ ಫೆವಿಕಾಲ್ ಬಳಿದು, ಅಂಗಡಿಯಲ್ಲಿ ಸಿಗುವ ಹಸಿರು ಪುಡಿ ಉದುರಿಸಿ ಕೈ ತೊಳೆದುಕೊಂಡೆ.

ಊರಿಂದ ದೊಡ್ಡಪ್ಪ ಬಂದಿದ್ದರು. ಮಂಡ್ಯ ಕಡೆ ಗದ್ದೆ ಮಾಡಿದವರು. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಸಿಪಾಯಿಗಳ ಬಗ್ಗೆ ಒಂದು ಮಾತಿಲ್ಲ. "ಇದು ಯಾವ ತಿಂಗಳೋ ಮಗಾ?" ಅಂದರು. ಏಪ್ರಿಲ್ ಅಂದೆ. "ಯುಗಾದಿ ಬಿಸಿಲಲ್ಲಿ ಇಷ್ಟು ಹಸಿರು ಹುಲ್ಲು ಎಲ್ಲಿಂದ ಬಂತು? ನೀರು ಯಾವ ಕಡೆಯಿಂದ ಬರ್ತದೆ? ಇಲ್ಲಿ ಏನು ಬೆಳೆ ಹಾಕಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಪಲ್ಟನ್ನಿನ ಕೋಟಿನ ಕಾಲರ್ ಯಾವ ಬಣ್ಣ ಅಂತ ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ!

ಆ ಪ್ರಶ್ನೆಯ ಬೆನ್ನು ಹತ್ತಿ ಹುಡುಕುತ್ತಾ ಹೋದಾಗ ಸಿಕ್ಕವನು ವಿಲಿಯಂ ಸೈಬೋರ್ನ್. ದೊಡ್ಡಪ್ಪ ಕೇಳಿದ ಪ್ರಶ್ನೆಯನ್ನೇ ಇವನು 1834ರಲ್ಲಿ ನೂರಾರು ಜನಕ್ಕೆ ಕಾಗದ ಬರೆದು ಕೇಳಿದ್ದ. ಅವನ ಕಥೆ ನಿಮಗೂ ಹೇಳಬೇಕು ಅನ್ನಿಸಿತು.

ಸೈಬೋರ್ನ್ ಬ್ರಿಟಿಷ್ ಸೈನ್ಯದ ಲೆಫ್ಟಿನೆಂಟ್. ವಾಟರ್ಲೂ ಯುದ್ಧದಲ್ಲಿ (1815, ಜೂನ್ 18) ಅವನು ಇರಲಿಲ್ಲ, ಫ್ರಾನ್ಸಿಗೆ ಹೋದದ್ದು ಯುದ್ಧ ಮುಗಿದ ಮೇಲೆ. ಅವನ ಪರಿಣತಿ ಬೇರೆ. ಏರುತಗ್ಗಿನ ನೆಲವನ್ನು ಅಳೆದು ಕಾಗದದ ಮೇಲೆ ತೋರಿಸುವುದು ಹೇಗೆ ಅನ್ನುವುದರ ಮೇಲೆ 1822ರಲ್ಲೊಂದು, 1827ರಲ್ಲೊಂದು ಪುಸ್ತಕ ಬರೆದಿದ್ದ. 1830ರಲ್ಲಿ ಸೈನ್ಯದ ಮುಖ್ಯಸ್ಥ ಲಾರ್ಡ್ ಹಿಲ್ ಅವನನ್ನು ಕರೆದು, ವಾಟರ್ಲೂ ಯುದ್ಧಭೂಮಿಯ ಮಾದರಿ ಮಾಡು ಅಂದ.

ಬೇರೆಯವರಾಗಿದ್ದರೆ ಹಳೆಯ ನಕ್ಷೆ ಮುಂದಿಟ್ಟುಕೊಂಡು ಶುರು ಮಾಡುತ್ತಿದ್ದರೇನೋ. ಈ ಪುಣ್ಯಾತ್ಮ ಬೆಲ್ಜಿಯಂಗೆ ಹೋಗಿ, ಯುದ್ಧದ ನಟ್ಟನಡುವೆ ಇದ್ದ ಲಾ ಹೇ ಸಾಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ಬಿಡಾರ ಹೂಡಿ ಇಡೀ ಬಯಲನ್ನು ಅಳೆದ. ಎಂಟು ತಿಂಗಳು, ಬರೀ ನೆಲಕ್ಕೆ! ನನ್ನ ಭಾನುವಾರ ಮಧ್ಯಾಹ್ನ ನೆನಪಾಗಿ ನಾಚಿಕೆಯಾಯಿತು.

ಆದರೆ ಅಲ್ಲೊಂದು ತೊಂದರೆ ಇತ್ತು. ಅವನು ಹೋಗುವ ಹೊತ್ತಿಗೆ ಆ ನೆಲವೇ ಪೂರ್ತಿ ಉಳಿದಿರಲಿಲ್ಲ.

ನೆದರ್ಲ್ಯಾಂಡ್ಸ್‌ನ ರಾಜಕುಮಾರ ಅಲ್ಲಿ ಗಾಯಗೊಂಡಿದ್ದ ಅಂತ ಅವನ ಅಪ್ಪ, ದೊರೆ ಒಂದನೇ ವಿಲಿಯಂ, ಅದೇ ಜಾಗದಲ್ಲಿ ಸ್ಮಾರಕವಾಗಿ ಒಂದು ಗುಡ್ಡ ಕಟ್ಟಿಸಿದ. 1820ರಿಂದ 1826ರವರೆಗೆ ಕೆಲಸ ನಡೆಯಿತು. ಎತ್ತರ 40 ಮೀಟರಿಗೂ ಹೆಚ್ಚು, ಹತ್ತಲು 226 ಮೆಟ್ಟಿಲು, ತುದಿಯಲ್ಲಿ ಕಬ್ಬಿಣದ ಸಿಂಹ. ಈಗಲೂ ಪ್ರವಾಸಿಗಳು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಷ್ಟೊಂದು ಮಣ್ಣು ಎಲ್ಲಿಂದ ತಂದರು? ಪಕ್ಕದ ದಿಬ್ಬವನ್ನೇ ಕೆತ್ತಿ ತಂದರು. ವೆಲ್ಲಿಂಗ್ಟನ್ನಿನ ಸೈನ್ಯ ಇಡೀ ದಿನ ನಿಂತು ಕಾದಾಡಿದ್ದು ಅದೇ ದಿಬ್ಬದ ಸಾಲಿನ ಮೇಲೆ. ಯುದ್ಧದ ನೆನಪಿಗೆ ಅಂತ ಯುದ್ಧದ ನೆಲವನ್ನೇ ಅಗೆದುಬಿಟ್ಟರು ನೋಡಿ. ವಿಕ್ಟರ್ ಹ್ಯೂಗೋ ಕೂಡ ತನ್ನ 'ಲೆ ಮಿಸೆರಾಬ್ಲ್' ಕಾದಂಬರಿಯಲ್ಲಿ (1862) ಇದಕ್ಕೆ ಮರುಗಿದ್ದಾನೆ.

ಕಣ್ಣೆದುರು ಇಲ್ಲದ ನೆಲವನ್ನು ಮಾಡುವುದು ಹೇಗೆ? ನೋಡಿದವರನ್ನು ಕೇಳಬೇಕು. 1834ರಲ್ಲಿ ಸೈಬೋರ್ನ್ ವಾಟರ್ಲೂನಲ್ಲಿ ಹೋರಾಡಿ ಬದುಕುಳಿದಿದ್ದ ಅಧಿಕಾರಿಗಳಿಗೆಲ್ಲ ಒಂದು ಸುತ್ತೋಲೆ ಕಳಿಸಿದ. ಸಂಜೆ ಸುಮಾರು ಏಳು ಗಂಟೆಗೆ ನಿಮ್ಮ ಪಲ್ಟನ್ ಎಲ್ಲಿತ್ತು, ಹೇಗೆ ನಿಂತಿತ್ತು, ಎದುರಿಗೆ ಶತ್ರು ಹೇಗೆ ನಿಂತಿದ್ದ, ಜೊತೆಗಿರುವ ನಕ್ಷೆಯಲ್ಲಿ ಗುರುತಿಸಿ ಕಳಿಸಿ ಅಂತ. ಅದರ ಜೊತೆಗೇ ಇನ್ನೊಂದು ಪ್ರಶ್ನೆ: ನಿಮ್ಮ ಸುತ್ತಮುತ್ತ ಹೊಲದಲ್ಲಿ ಯಾವ ಬೆಳೆ ಇತ್ತು?

ಯೋಚಿಸಿ. ಹತ್ತೊಂಬತ್ತು ವರ್ಷದ ಹಿಂದೆ, ಗುಂಡು ಹಾರುತ್ತಿದ್ದಾಗ ಕಾಲ ಕೆಳಗೆ ಏನು ಬೆಳೆದಿತ್ತು ಅಂತ ಯಾರಿಗೆ ನೆನಪಿರುತ್ತೆ? ಆದರೂ ಉತ್ತರಗಳು ಬಂದವು, ನೂರಾರು ಬಂದವು. ಒಬ್ಬರದಕ್ಕೆ ಇನ್ನೊಬ್ಬರದು ತಾಳೆಯಾಗದವೂ ಇದ್ದವು. ಆಳೆತ್ತರ ಬೆಳೆದಿದ್ದ ರೈ ಪೈರು ಕೆಲವರಿಗೆ ಚೆನ್ನಾಗಿ ನೆನಪಿತ್ತು. ಇರದೇ ಏನು, ಅದರೊಳಗೆ ನಿಂತವನಿಗೆ ಎದುರಿನವನು ಕಾಣುವುದೇ ಇಲ್ಲ! ಅಂದರೆ ಬೆಳೆ ಅನ್ನುವುದು ಚಿತ್ರದ ಹಿಂದಿನ ಅಲಂಕಾರ ಅಲ್ಲ. ಯಾರು ಯಾರಿಗೆ ಕಂಡರು, ಯಾರು ಅಡಗಿದರು ಅನ್ನುವುದನ್ನು ಅದೇ ತೀರ್ಮಾನ ಮಾಡಿತ್ತು. ಹಿಂದಿನ ದಿನ, ರಾತ್ರಿ ಸುರಿದ ಮಳೆಗೆ ನೆಲ ಕೆಸರಾಗಿತ್ತು. ಸಂಜೆ ಏಳರ ಹೊತ್ತಿಗೆ ಸಾವಿರಾರು ಕುದುರೆಗಳ ತುಳಿತಕ್ಕೆ ಪೈರೆಲ್ಲ ಮಲಗಿತ್ತು.

ಮಾದರಿ ಮುಗಿದದ್ದು 1838ರಲ್ಲಿ. ಸುಮಾರು 400 ಚದರ ಅಡಿ, ಒಂದು ಮೈಲಿಗೆ ಒಂಬತ್ತು ಅಡಿಯ ಲೆಕ್ಕ. ಅದರ ಮೇಲೆ 70 ಸಾವಿರಕ್ಕೂ ಹೆಚ್ಚು ಪುಟಾಣಿ ಲೋಹದ ಬೊಂಬೆಗಳು. ನೆಲದ ಅಳತೆಯ ಪ್ರಕಾರ ಒಬ್ಬ ಮನುಷ್ಯ ಮೂರು ಮಿಲಿಮೀಟರ್ ಇರಬೇಕು, ಆದರೆ ಬೊಂಬೆ ಸುಮಾರು ಹತ್ತು ಮಿಲಿಮೀಟರ್ ಇದೆ. ಹಾಗೆಯೇ ದಿಬ್ಬಗಳ ಎತ್ತರವನ್ನೂ ಅಡ್ಡಳತೆಗಿಂತ ಹಿಗ್ಗಿಸಿದ್ದಾನೆ. ತಪ್ಪಲ್ಲ, ಬೇಕೆಂದೇ ಮಾಡಿದ್ದು. ನಿಜವಾದ ಲೆಕ್ಕದಲ್ಲಿ ಮಾಡಿದ್ದರೆ ಆ ಸಣ್ಣ ಏರುತಗ್ಗು ನೋಡುವವರ ಕಣ್ಣಿಗೆ ಚಪ್ಪಟೆಯಾಗಿಯೇ ಕಾಣುತ್ತಿತ್ತು.

ಸೈಬೋರ್ನನಿಗೆ ಸಿಕ್ಕಿದ್ದೇನು? 1833ರಲ್ಲೇ ಸರ್ಕಾರ ದುಡ್ಡು ಕೊಡುವುದಿಲ್ಲ ಅಂದಿತ್ತು. ಸಾಲ ಮಾಡಿ ಮುಗಿಸಿದ, ಖರ್ಚು ಸುಮಾರು 3000 ಪೌಂಡ್. ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ಸುಮಾರು ಒಂದು ಲಕ್ಷ ಜನ ನೋಡಿದರಂತೆ, ಆದರೂ ಸಾಲ ತೀರಲಿಲ್ಲ. ಅದರ ಮೇಲೆ ಇನ್ನೊಂದು ಜಗಳ. ಸಂಜೆ ಏಳರ ಹೊತ್ತಿಗೆ ಪ್ರಷ್ಯಾದ ಸೈನ್ಯ ಎಷ್ಟು ಮುಂದೆ ಬಂದಿತ್ತು? ಸೈಬೋರ್ನ್ ಇಟ್ಟಷ್ಟು ಪ್ರಷ್ಯನ್ನರನ್ನು ಇಟ್ಟರೆ ಗೆಲುವಿನ ಕೀರ್ತಿ ಹಂಚಿಹೋಗುತ್ತೆ ಅಂತ ವೆಲ್ಲಿಂಗ್ಟನ್ ಕಡೆಯವರಿಗೆ ಸಿಟ್ಟು. ಕೊನೆಗೆ ಪ್ರಷ್ಯನ್ ಬೊಂಬೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಿತ್ತು ತೆಗೆದ. 1849ರಲ್ಲಿ ತೀರಿಕೊಂಡ.

ಬೊಂಬೆಗಳನ್ನು ದೊಡ್ಡವರಿಗೆ ಬೇಕಾದಂತೆ ಸರಿಸಬಹುದು. ನೆಲವನ್ನು ಸರಿಸು ಅಂತ ಮಾತ್ರ ಯಾರೂ ಕೇಳಲಿಲ್ಲ, ಅದರ ಮೇಲೆ ಯಾರಿಗೂ ಕಣ್ಣಿರಲಿಲ್ಲವಲ್ಲ. ಹಾಗಾಗಿ ಬೆಲ್ಜಿಯಂನಲ್ಲಿ ಕರಗಿಹೋದ ಆ ದಿಬ್ಬ ಈಗಲೂ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿ ಮಾದರಿಯಾಗಿ ಉಳಿದಿದೆ. ಅವನಿಗೆ ಬಂದ ಕಾಗದಗಳಲ್ಲಿ ಬಹಳಷ್ಟನ್ನು ಅವನ ಮಗ 1891ರಲ್ಲಿ ಪುಸ್ತಕವಾಗಿ ತಂದ. ಇವತ್ತಿಗೂ ಇತಿಹಾಸಕಾರರು ಅದನ್ನು ತಿರುವುತ್ತಾರೆ.

ಈಗ ನಮ್ಮ ಸುಲ್ತಾನ್‌ಪೇಟೆಗೆ ಬರೋಣ. ಈ ವೆಲ್ಲಿಂಗ್ಟನ್ ಯಾರು ಅಂತ ನಿಮಗೆ ಗೊತ್ತೇ ಇದೆ, ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್ 5ರ ರಾತ್ರಿ, ಅಮಾವಾಸ್ಯೆ ಆಸುಪಾಸಿನ ಕತ್ತಲಲ್ಲಿ, ಈ ತೋಪಿಗೆ ನುಗ್ಗಿದ. ಒಳಗೆ ಮರಗಳು, ಅಡ್ಡಡ್ಡ ಹರಿಯುವ ನೀರಿನ ಕಾಲುವೆಗಳು, ಮರೆಯಲ್ಲಿ ಟಿಪ್ಪುವಿನ ಸೈನಿಕರು. ದಾರಿ ತಪ್ಪಿ, ಮಂಡಿಗೆ ಪೆಟ್ಟು ತಿಂದು, ಕೆಲವು ಸೈನಿಕರನ್ನು ಸೆರೆಗೆ ಬಿಟ್ಟು ವಾಪಸ್ ಬಂದ. ಮರುದಿನ ಬೆಳಕಿನಲ್ಲಿ ತೋಪು ಅವನ ಕೈಗೆ ಸಿಕ್ಕಿತು. ಹಗಲಲ್ಲಿ ನೆಲ ನೋಡದೆ ಇನ್ನೆಂದೂ ಹೀಗೆ ರಾತ್ರಿ ದಾಳಿ ಮಾಡಿಸುವುದಿಲ್ಲ ಅಂತ ಅಣ್ಣನಿಗೆ ಕಾಗದ ಬರೆದ. ನೆಲ ನೋಡಬೇಕು ಅನ್ನುವ ಪಾಠ ಅವನಿಗೂ ನನಗೂ ಒಂದೇ ಜಾಗದಲ್ಲಿ ಸಿಕ್ಕಿತು!

ನನ್ನ ಹಸಿರು ಪುಡಿಯನ್ನೆಲ್ಲ ಕೆರೆದು ತೆಗೆದೆ. ಥರ್ಮೋಕೋಲಿನಲ್ಲಿ ಮೊದಲು ಕಾಲುವೆ ಕೊರೆದೆ, ಯಾಕಂದರೆ ನೀರಿನ ದಾರಿ ಗೊತ್ತಾದರೆ ಮಿಕ್ಕ ನೆಲ ತಾನಾಗಿ ಗೊತ್ತಾಗುತ್ತೆ. ಅದರ ಮೇಲೆ ಕಾಗದದ ರೊಟ್ಟು, ಆಮೇಲೆ ಬಟ್ಟೆಯಲ್ಲಿ ಜರಡಿ ಹಿಡಿದ ಕೆಮ್ಮಣ್ಣು. ನಿಜವಾದ ಮಣ್ಣು ಹಾಕಿದರೆ ನಿಜವಾಗಿ ಕಾಣುತ್ತೆ ಅಂದುಕೊಂಡಿರಾ? ಇಲ್ಲ. ಫೆವಿಕಾಲ್ ಕುಡಿದ ಮಣ್ಣು ಒಣಗಿದ ಮೇಲೂ ಕಪ್ಪಾಗಿಯೇ ಇರುತ್ತೆ. ಅದಕ್ಕೇ ಮೇಲೆ ಬಣ್ಣ ಬಳಿಯಲೇಬೇಕು. ಮೊದಲು ಗಾಢ ಕಂದು, ಆಮೇಲೆ ಕೆಂಪು, ಕೊನೆಗೆ ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ತಿಳಿ ಬಣ್ಣವನ್ನು ಉಬ್ಬುಗಳ ಮೇಲೆ ಮಾತ್ರ ಸವರುವುದು. ಕಾಲುವೆ ಅಂಚಲ್ಲಿ ಮಾತ್ರ ಹಸಿರು. ಮಿಕ್ಕ ಕಡೆ ಸೆಣಬಿನ ನಾರಿನ ಒಣ ಹುಲ್ಲು, ಸಿಪಾಯಿಗಳು ನಡೆದಲ್ಲಿ ಬೆರಳಲ್ಲಿ ಒತ್ತಿ ಮಲಗಿಸಿದ್ದು.

ಹೋದ ವರ್ಷ ದೊಡ್ಡಪ್ಪ ಮತ್ತೆ ಬಂದಾಗ ತೋರಿಸಿದೆ. ಬಹಳ ಹೊತ್ತು ನೋಡಿದರು. "ಈಗ ಸರಿ" ಅಂದು, ಕಾಲುವೆ ಪಕ್ಕ ಬೆರಳಿಟ್ಟು, "ನಮ್ಮ ಹಳೇ ಗದ್ದೆ ಹತ್ರಾನೂ ಹಿಂಗೇ ತಿರುವು ಇತ್ತು" ಅಂದರು. ಆ ಗದ್ದೆ ಈಗಿಲ್ಲ, ಲೇಔಟ್ ಆಗಿ ಸೈಟುಗಳಾಗಿವೆ. ನಾನು ಒಂದು ನೋಟ್ ಬುಕ್ ತಂದು, ಪಕ್ಕ ಕೂತು, ಒಂದೊಂದೇ ಕೇಳಿ ಬರೆದುಕೊಂಡೆ. ಬದು ಎಲ್ಲಿತ್ತು, ತೂಬು ಎಲ್ಲಿತ್ತು, ಯಾವ ತಿಂಗಳಲ್ಲಿ ಏನು ಹಾಕುತ್ತಿದ್ದರು. ಅರ್ಧ ಹೇಳಿ ನಿಲ್ಲಿಸಿ, "ಅಲ್ಲ ಕಣೋ, ಅದು ಕೆಳಗಿನ ಗದ್ದೆ" ಅಂತ ತಿದ್ದುತ್ತಿದ್ದರು.

ಮುಂದಿನ ಡಯೋರಾಮಾ ಅದೇ. ಅದರಲ್ಲಿ ಒಬ್ಬ ಸಿಪಾಯಿಯೂ ಇರುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಹೇಳುವವರು ಇದ್ದರೆ ಕೇಳಿ ಬರೆದಿಟ್ಟುಕೊಳ್ಳಿ, ಮಾದರಿ ಮಾಡದಿದ್ದರೂ ಪರವಾಗಿಲ್ಲ.